ಕೊಳ್ಳುವ ಬೆಲೆ, ಓಡಿಸುವ ಬೆಲೆ

ಯಾವುದೇ ವಸ್ತುವಿಗೆ ಎರಡು ಬೆಲೆಗಳುಂಟು. ಅಂಗಡಿಯವನ ಕೈಗೆ ಒಂದೇ ಸಲ ಎಣಿಸಿಕೊಡುವ ಬೆಲೆ ಒಂದು. ಆ ವಸ್ತು ನಮ್ಮ ಮನೆಯಲ್ಲಿ ಇರುವಷ್ಟು ಕಾಲವೂ ಸ್ವಲ್ಪಸ್ವಲ್ಪವಾಗಿ ತೆರುತ್ತ ಹೋಗುವ ಬೆಲೆ ಇನ್ನೊಂದು. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನಿಗೆ ಈ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಡಿಗೆಯನ್ನು ಪರೀಕ್ಷಿಸುತ್ತಾನೆ. ಅದರ ಜೊತೆಗೇ ಮನೆಯ ಬಣವೆಯಲ್ಲಿ ಹುಲ್ಲು ಎಷ್ಟಿದೆ, ಈ ಜೋಡಿಗೆ ವರ್ಷದಲ್ಲಿ ಎಷ್ಟು ದಿನ ಕೆಲಸವಿದೆ ಎಂಬುದನ್ನೂ ಮನಸ್ಸಿನಲ್ಲಿಯೇ ಲೆಕ್ಕ ಹಾಕುತ್ತಾನೆ. ಅದೇ ರೈತನು ಮೋಟಾರು ವಾಹನದ ಮಳಿಗೆಯನ್ನು ಹೊಕ್ಕಾಗ ಈ ವಿವೇಕವು ಹಲವು ವೇಳೆ ಬಾಗಿಲ ಹೊರಗೇ ನಿಂತುಬಿಡುತ್ತದೆ. ಅಲ್ಲಿ ಮಾತನಾಡುವುದು ಬಣ್ಣ, ಹೊಳಪು ಮತ್ತು 'ಇಷ್ಟು ಸಾವಿರ ರಿಯಾಯಿತಿ' ಎಂಬ ಫಲಕ.

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು ಅಡಕೆಗೆ ಹೆಸರಾದ ನಾಡು. ಭದ್ರಾ ನಾಲೆಯ ನೀರನ್ನೂ ಕೊಳವೆ ಬಾವಿಗಳನ್ನೂ ನಂಬಿ ಇಲ್ಲಿಯ ತೋಟಗಳು ಬೆಳೆದಿವೆ. ಈ ತಾಲ್ಲೂಕಿನ ನಲ್ಲೂರಿನಂತಹ ಒಂದು ಊರನ್ನು ನೆನೆದುಕೊಳ್ಳಿ. ಅಡಕೆಯ ಹಣವು ತಿಂಗಳ ಸಂಬಳದಂತೆ ಬರುವುದಿಲ್ಲ. ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ, ಮಾರಿದ ಮೇಲೆ ಅದು ಒಮ್ಮೆಗೇ ಕೈಸೇರುತ್ತದೆ. ಒಮ್ಮೆಗೇ ಬಂದ ಹಣಕ್ಕೆ ಒಮ್ಮೆಗೇ ಹೋಗುವ ದಾರಿಗಳೂ ಕಾದಿರುತ್ತವೆ. ಇಂತಹ ಊರಿನ ಒಂದು ಕುಟುಂಬವು ಕಾರು ಕೊಳ್ಳಲು ಮನಸ್ಸು ಮಾಡಿದರೆ ಈಗ ಅದರ ಮುಂದೆ ಎರಡು ಬಗೆಯ ಕಾರುಗಳಿವೆ: ಪೆಟ್ರೋಲಿನಿಂದ ಓಡುವುದು, ವಿದ್ಯುತ್ತಿನಿಂದ ಓಡುವುದು. ಎರಡನೆಯದು ಹಸಿರು ಫಲಕದ ಮೇಲೆ ಬಿಳಿಯ ಅಂಕಿಗಳನ್ನು ಧರಿಸಿ, ಸದ್ದಿಲ್ಲದೆ ನಮ್ಮ ರಸ್ತೆಗಳಲ್ಲಿಯೂ ಕಾಣಿಸಿಕೊಳ್ಳತೊಡಗಿದೆ. ಅದನ್ನು ಕೊಂಡವರು ಖರ್ಚೇ ಇಲ್ಲವೆನ್ನುತ್ತಾರೆ. ಕೊಳ್ಳದವರು ಅದರ ಬ್ಯಾಟರಿ ಕೆಟ್ಟರೆ ಮನೆ ಮಾರಬೇಕೆನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಲೆಕ್ಕವಿಲ್ಲ.

ವಿದ್ಯುತ್ ಕಾರಿನ ಓಟವು ಅಗ್ಗವಾಗುವುದಕ್ಕೆ ಕಾರಣವು ಸರಳವಾಗಿದೆ. ಪೆಟ್ರೋಲ್ ಎಂಜಿನ್ನು ಇಂಧನವನ್ನು ಸುಟ್ಟು, ಹುಟ್ಟಿದ ಶಕ್ತಿಯ ಬಹುಪಾಲನ್ನು ಶಾಖದ ರೂಪದಲ್ಲಿ ಗಾಳಿಗೆ ಬಿಟ್ಟುಬಿಡುತ್ತದೆ. ನಾಲ್ಕರಲ್ಲಿ ಒಂದು ಪಾಲಿನಷ್ಟು ಮಾತ್ರ ಚಕ್ರವನ್ನು ತಲಪುತ್ತದೆ. ವಿದ್ಯುತ್ ಮೋಟಾರಿನಲ್ಲಿ ಹೀಗಾಗುವುದಿಲ್ಲ. ಅದಕ್ಕೆ ಕೊಟ್ಟ ಶಕ್ತಿಯ ಹೆಚ್ಚಿನ ಪಾಲು ಚಲನೆಯಾಗಿಯೇ ಮಾರ್ಪಡುತ್ತದೆ. ಎಂಜಿನ್ ಎಣ್ಣೆ ಬದಲಿಸುವ ಕೆಲಸವಿಲ್ಲ, ಗೇರುಗಳ ತೊಡಕಿಲ್ಲ. ಇಷ್ಟರಮಟ್ಟಿಗೆ ಹೊಗಳಿಕೆಯು ನ್ಯಾಯವಾದದ್ದೇ. ತೊಡಕಿರುವುದು ಬ್ಯಾಟರಿಯ ಬೆಲೆಯಲ್ಲಿ. ಪೆಟ್ರೋಲ್ ಕಾರನ್ನು ಕೊಂಡವನು ಇಂಧನದ ಹಣವನ್ನು ಓಡಿಸಿದಷ್ಟೂ ಕೊಡುತ್ತಾನೆ. ವಿದ್ಯುತ್ ಕಾರನ್ನು ಕೊಂಡವನು ಮುಂದಿನ ಹಲವು ವರ್ಷಗಳ ಇಂಧನದ ಹಣದಲ್ಲಿ ದೊಡ್ಡದೊಂದು ಭಾಗವನ್ನು ಬ್ಯಾಟರಿಯ ಹೆಸರಿನಲ್ಲಿ ಮೊದಲ ದಿನವೇ ಕೊಟ್ಟು ಬರುತ್ತಾನೆ.

ಈಗ ಒಂದು ಲೆಕ್ಕವನ್ನು ಮಾಡೋಣ. ಕಾಗದ ಪೆನ್ಸಿಲು ತೆಗೆದುಕೊಂಡು ನೀವೂ ಮಾಡಿ ನೋಡಬಹುದು. ಸಮಾನ ಗಾತ್ರದ ಎರಡು ಸಣ್ಣ ಕಾರುಗಳಲ್ಲಿ ವಿದ್ಯುತ್ ಕಾರಿಗೆ ೩ ಲಕ್ಷ ರೂಪಾಯಿ ಹೆಚ್ಚು ಎಂದಿಟ್ಟುಕೊಳ್ಳೋಣ. ಪೆಟ್ರೋಲಿಗೆ ಲೀಟರಿಗೆ ೧೦೦ ರೂಪಾಯಿ, ಒಂದು ಲೀಟರಿಗೆ ೧೬ ಕಿಲೋಮೀಟರ್ ಓಟ ಎಂದು ಹಿಡಿದರೆ ಕಿಲೋಮೀಟರಿಗೆ ೬ ರೂಪಾಯಿ ೨೫ ಪೈಸೆ ತಗಲುತ್ತದೆ. ವಿದ್ಯುತ್ತು ಯೂನಿಟ್ಟಿಗೆ ೬ ರೂಪಾಯಿ, ಒಂದು ಯೂನಿಟ್ಟಿಗೆ ೬ ಕಿಲೋಮೀಟರ್ ಎಂದು ಹಿಡಿದರೆ ಕಿಲೋಮೀಟರಿಗೆ ಒಂದೇ ರೂಪಾಯಿ. ಪ್ರತಿ ಕಿಲೋಮೀಟರಿಗೂ ೫ ರೂಪಾಯಿ ೨೫ ಪೈಸೆ ಉಳಿತಾಯವಾಯಿತು. ಮೊದಲು ಹೆಚ್ಚಾಗಿ ಕೊಟ್ಟ ೩ ಲಕ್ಷವು ಮರಳಿ ಬರಬೇಕಾದರೆ ಆ ಕಾರು ಸುಮಾರು ೫೭,೦೦೦ ಕಿಲೋಮೀಟರ್ ಓಡಬೇಕು.

ಈ ೫೭,೦೦೦ ಕಿಲೋಮೀಟರನ್ನು ಯಾರು ಎಷ್ಟು ದಿನದಲ್ಲಿ ಓಡಿಸುತ್ತಾರೆ ಎಂಬುದರಲ್ಲಿಯೇ ಇಡೀ ಪ್ರಶ್ನೆಯು ಅಡಗಿದೆ. ಬಾಡಿಗೆ ಕಾರನ್ನು ಇಟ್ಟುಕೊಂಡು ತಿಂಗಳಿಗೆ ೨,೦೦೦ ಕಿಲೋಮೀಟರ್ ಓಡಿಸುವವನಿಗೆ ಎರಡೂವರೆ ವರ್ಷದೊಳಗೆ ಹಣ ಮರಳುತ್ತದೆ. ಅಲ್ಲಿಂದಾಚೆಗೆ ಎಲ್ಲವೂ ಲಾಭ. ತೋಟದ ಮನೆಯ ಕಾರಿನ ಗತಿ ಬೇರೆ. ವಾರಕ್ಕೊಮ್ಮೆ ಚನ್ನಗಿರಿಯ ಪೇಟೆ, ತಿಂಗಳಿಗೊಂದೆರಡು ಬಾರಿ ದಾವಣಗೆರೆ ಅಥವಾ ಶಿವಮೊಗ್ಗ, ಅಲ್ಲೊಂದು ಮದುವೆ, ಇಲ್ಲೊಂದು ಗೃಹಪ್ರವೇಶ—ಎಲ್ಲ ಸೇರಿದರೂ ತಿಂಗಳಿಗೆ ೫೦೦ ಕಿಲೋಮೀಟರ್ ದಾಟುವುದು ಕಷ್ಟ. ಅಂದರೆ ವರ್ಷಕ್ಕೆ ೬,೦೦೦. ಈ ಮನೆಗೆ ೩ ಲಕ್ಷವು ಮರಳಲು ಒಂಬತ್ತೂವರೆ ವರ್ಷ ಬೇಕು. ನಮ್ಮ ಮಾರುಕಟ್ಟೆಯ ಅನೇಕ ವಿದ್ಯುತ್ ಕಾರುಗಳ ಬ್ಯಾಟರಿಗೆ ತಯಾರಕರು ಕೊಡುವ ಖಾತರಿಯು ೮ ವರ್ಷ ಅಥವಾ ೧,೬೦,೦೦೦ ಕಿಲೋಮೀಟರ್, ಯಾವುದು ಮೊದಲೋ ಅದು. ಹಣವು ಪೂರ್ತಿ ಮರಳುವ ಮೊದಲೇ ಖಾತರಿ ಮುಗಿದಿರುತ್ತದೆ. ಓಡದೆ ನಿಂತ ಕಾರಿನ ಪಾಲಿನ ಒಂದು ಲಕ್ಷಕ್ಕೂ ಹೆಚ್ಚಿನ ಕಿಲೋಮೀಟರುಗಳ ಖಾತರಿಯನ್ನು ಯಾರೂ ಬಳಸಿಕೊಳ್ಳದೆ ಬಿಟ್ಟಂತಾಯಿತು.

ಇನ್ನೂ ಒಂದು ಮಾತಿದೆ. ಹೆಚ್ಚಿನ ೩ ಲಕ್ಷವನ್ನು ನೂರಕ್ಕೆ ೯ರ ಬಡ್ಡಿಯಲ್ಲಿ ಸಾಲ ತಂದಿದ್ದರೆ ಮೊದಲ ವರ್ಷದ ಬಡ್ಡಿಯೇ ೨೭,೦೦೦ ರೂಪಾಯಿಗಳಷ್ಟಾಗುತ್ತದೆ. ಈ ಮನೆಯ ವರ್ಷದ ಉಳಿತಾಯವಾದರೋ ೩೧,೫೦೦. ಉಳಿದದ್ದು ೪,೫೦೦ ರೂಪಾಯಿ! ಸಾಲವಿಲ್ಲದೆ ಸ್ವಂತ ಹಣ ಕೊಟ್ಟೆವೆಂದು ಸಮಾಧಾನಪಟ್ಟುಕೊಳ್ಳುವಂತೆಯೂ ಇಲ್ಲ. ಅದೇ ಹಣವನ್ನು ಬ್ಯಾಂಕಿನಲ್ಲಿಟ್ಟಿದ್ದರೂ ಬಡ್ಡಿ ಬರುತ್ತಿತ್ತು, ಕೊಳವೆ ಬಾವಿಗೋ ಹನಿ ನೀರಾವರಿಗೋ ಹಾಕಿದ್ದರೆ ತೋಟವೇ ಪ್ರತಿಫಲವನ್ನು ಕೊಡುತ್ತಿತ್ತು. ಬಡ್ಡಿಯನ್ನು ಬಿಟ್ಟು ಮಾಡಿದ ಲೆಕ್ಕವು ನೀರನ್ನು ಬಿಟ್ಟು ಮಾಡಿದ ತೋಟದ ಲೆಕ್ಕದಂತೆ.

ಮನೆಯ ವಿದ್ಯುತ್ತಿನ ಬೆಲೆಯೂ ನಾವು ತಿಳಿದಷ್ಟು ನೇರವಾಗಿಲ್ಲ. ೨೦೨೩ರಲ್ಲಿ ಕರ್ನಾಟಕ ಸರ್ಕಾರವು 'ಗೃಹಜ್ಯೋತಿ' ಯೋಜನೆಯನ್ನು ಜಾರಿಗೆ ತಂದಿತು. ಅದರಂತೆ ಒಂದು ಮನೆಯು ಹಿಂದಿನ ವರ್ಷದಲ್ಲಿ ಸರಾಸರಿ ಬಳಸುತ್ತಿದ್ದ ವಿದ್ಯುತ್ತು ಮತ್ತು ಅದರ ಮೇಲೆ ನೂರಕ್ಕೆ ೧೦ರಷ್ಟು, ಇಷ್ಟು ಉಚಿತ. ಆ ಮಿತಿಯನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ಕೊಡಬೇಕು. ಬಳಕೆಯು ೨೦೦ ಯೂನಿಟ್ಟುಗಳನ್ನೇ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕು. ಸರಾಸರಿ ೧೨೫ ಯೂನಿಟ್ ಬಳಸುವ ಒಂದು ಮನೆಯನ್ನು ತೆಗೆದುಕೊಳ್ಳಿ. ಕಾರಿಲ್ಲದಾಗ ಆ ಮನೆಯ ಬಿಲ್ಲು ಸೊನ್ನೆ. ತಿಂಗಳಿಗೆ ೫೦೦ ಕಿಲೋಮೀಟರ್ ಓಡುವ ಕಾರು ೮೩ ಯೂನಿಟ್ ಬೇಡುತ್ತದೆ. ಒಟ್ಟು ಬಳಕೆಯು ೨೦೮ಕ್ಕೆ ಏರುತ್ತದೆ. ಈಗ ತೆರಬೇಕಾದದ್ದು ೮೩ ಯೂನಿಟ್ಟಿನ ಬೆಲೆಯಲ್ಲ, ೨೦೮ ಯೂನಿಟ್ಟಿನ ಬೆಲೆ: ೧,೨೪೮ ರೂಪಾಯಿ; ಸ್ಥಿರ ಶುಲ್ಕ ಬೇರೆ. ಕಿಲೋಮೀಟರಿಗೆ ಒಂದು ರೂಪಾಯಿ ಎಂದು ಭಾವಿಸಿದ್ದ ಖರ್ಚು ಎರಡೂವರೆ ರೂಪಾಯಿಯಾಯಿತು. ವರ್ಷದ ಉಳಿತಾಯವು ೨೨,೫೦೦ಕ್ಕೆ ಇಳಿದು, ೨೭,೦೦೦ದ ಬಡ್ಡಿಗೂ ಸಾಲದಾಯಿತು. ಸರ್ಕಾರವು ಒಂದು ಕೈಯಿಂದ ಕಾರನ್ನು ಕೊಳ್ಳೆಂದು ಪ್ರೋತ್ಸಾಹಿಸುತ್ತಿದೆ, ಇನ್ನೊಂದು ಕೈಯಿಂದ ವಿದ್ಯುತ್ತನ್ನು ಮಿತವಾಗಿ ಬಳಸೆಂದು ಬಹುಮಾನ ಕೊಡುತ್ತಿದೆ. ಎರಡು ಕೈಗಳೂ ಒಳ್ಳೆಯ ಉದ್ದೇಶದಿಂದಲೇ ಚಾಚಿದಂತಹವು. ಆದರೆ ಈ ಮನೆಯ ಮಟ್ಟಿಗೆ ಅವು ಒಂದನ್ನೊಂದು ಹಿಡಿದೆಳೆಯುತ್ತಿವೆ. ವಾಹನಕ್ಕೆಂದೇ ಬೇರೆ ಮೀಟರನ್ನು ಪಡೆದರೆ ಈ ಗಂಟು ಬಿಚ್ಚುತ್ತದೆ. ವಾಹನಗಳ ಬ್ಯಾಟರಿ ತುಂಬಿಸಲು ನಮ್ಮ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪ್ರತ್ಯೇಕ ದರವನ್ನೇ ಗೊತ್ತುಮಾಡಿದೆ. ಆದರೆ ಈ ಸಂಗತಿಯನ್ನು ಮಾರುವವನು ತಾನಾಗಿ ಹೇಳುವನೆಂದು ನಂಬುವಂತಿಲ್ಲ. (ತೋಟದ ಪಂಪಿಗೆ ಕೊಟ್ಟ ಉಚಿತ ವಿದ್ಯುತ್ತಿಗೆ ಕಾರಿನ ತಂತಿಯನ್ನು ಸಿಕ್ಕಿಸುವ ಉಪಾಯವು ಕೆಲವರಿಗೆ ಹೊಳೆಯಬಹುದು. ಅದು ಕಳವು, ಅದನ್ನು ಲೆಕ್ಕದಲ್ಲಿ ಸೇರಿಸಲಾಗದು.)

ಇನ್ನು ಪ್ರೋತ್ಸಾಹಗಳ ವಿಚಾರ. ಎಳೆಯ ಅಡಕೆ ಸಸಿಯನ್ನು ನೆಟ್ಟವರು ಅದರ ಪಕ್ಕದಲ್ಲಿ ಬಾಳೆಯನ್ನು ನೆಡುತ್ತಾರೆ. ಬಿಸಿಲಿನ ಹೊಡೆತಕ್ಕೆ ಸಸಿ ಬಾಡದಿರಲೆಂದು ಈ ನೆರಳು. ಸಸಿ ತಲೆಯೆತ್ತಿದ ಮೇಲೆ ಬಾಳೆಗೆ ಅಲ್ಲಿ ಕೆಲಸವಿಲ್ಲ. ಹೊಸ ಉದ್ಯಮಕ್ಕೆ ಸರ್ಕಾರವು ಕೊಡುವ ರಿಯಾಯಿತಿಯೂ ಇಂತಹ ನೆರಳೇ. ಅದು ತಡವಾಗಿ ಬಂದರೆ ಸಸಿ ಒಣಗುತ್ತದೆ. ಹೊತ್ತಿಗೆ ಮುಂಚೆ ಹೋದರೂ ಒಣಗುತ್ತದೆ. ಹೋಗದೆಯೇ ನಿಂತರೆ ನೆಲದ ಸಾರವನ್ನು ತಾನೇ ತಿನ್ನುತ್ತದೆ.

ಇದಕ್ಕೆ ನಮ್ಮ ರಾಜ್ಯದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಚೇತನ್ ಮೈನಿಯವರು ಕಟ್ಟಿದ 'ರೇವಾ' ಸಂಸ್ಥೆಯು ೧೯೯೪ರಲ್ಲಿ ಹುಟ್ಟಿ, ೨೦೦೧ರಲ್ಲಿ ಎರಡು ಬಾಗಿಲಿನ ಪುಟ್ಟ ವಿದ್ಯುತ್ ಕಾರೊಂದನ್ನು ಮಾರುಕಟ್ಟೆಗೆ ತಂದಿತು. ಎಂಟು ಸೀಸದ ಬ್ಯಾಟರಿಗಳು, ಒಮ್ಮೆ ತುಂಬಿಸಿದರೆ ಸುಮಾರು ೮೦ ಕಿಲೋಮೀಟರ್ ಓಟ. ಲೋಕದ ದೊಡ್ಡ ದೊಡ್ಡ ಕಾರ್ಖಾನೆಗಳು ಇನ್ನೂ ಹಿಂದುಮುಂದು ನೋಡುತ್ತಿದ್ದಾಗ ಬೆಂಗಳೂರಿನಲ್ಲಿ ಇದು ತಯಾರಾಗುತ್ತಿತ್ತು ಎಂಬುದನ್ನು ನಾವು ಅಭಿಮಾನದಿಂದ ನೆನೆಯಬೇಕು. ಆದರೆ ಈ ಕಾರಿಗೆ ಹೆಸರು ತಂದ ನಗರ ಲಂಡನ್. ಅಲ್ಲಿ ೨೦೦೩ರ ಫೆಬ್ರವರಿಯಿಂದ ನಗರದ ನಡುಭಾಗವನ್ನು ಪ್ರವೇಶಿಸುವ ಮೋಟಾರುಗಳಿಗೆ ದಿನಕ್ಕೆ ೫ ಪೌಂಡುಗಳ ಸುಂಕವನ್ನು ಗೊತ್ತುಮಾಡಿ, ವಿದ್ಯುತ್ ವಾಹನಗಳಿಗೆ ಅದನ್ನು ಬಿಟ್ಟುಕೊಟ್ಟರು. ದಿನವೂ ಅಲ್ಲಿಗೆ ಕೆಲಸಕ್ಕೆ ಹೋಗುವವನು ಆ ಸುಂಕದ ಉಳಿತಾಯದಿಂದಲೇ ಕಾರಿನ ಬೆಲೆಯ ಒಳ್ಳೆಯ ಭಾಗವನ್ನು ಗಳಿಸಬಹುದಾಗಿತ್ತು. 'ಜೀ-ವಿಜ್' ಎಂಬ ಹೆಸರಿನಿಂದ ನಮ್ಮ ರೇವಾ ಆ ಬೀದಿಗಳಲ್ಲಿ ಪರಿಚಿತವಾಯಿತು. ಬೆಂಗಳೂರಿನಲ್ಲಿ ಅಂತಹ ಸುಂಕವೂ ಇರಲಿಲ್ಲ, ಅಂತಹ ವಿನಾಯಿತಿಯೂ ಇರಲಿಲ್ಲ. ಕೇಂದ್ರ ಸರ್ಕಾರವು ೨೦೧೦ರ ನವೆಂಬರಿನಲ್ಲಿ ವಿದ್ಯುತ್ ವಾಹನಗಳಿಗೆ ಸಹಾಯಧನವನ್ನು ಘೋಷಿಸಿತು. ೨೦೧೨ರ ಮಾರ್ಚಿಗೆ ಅದು ಮುಗಿದುಹೋಯಿತು. ಅಷ್ಟರಲ್ಲಿ, ೨೦೧೦ರಲ್ಲಿಯೇ, ರೇವಾ ಸಂಸ್ಥೆಯು ಮಹೀಂದ್ರದವರ ಕೈಸೇರಿತ್ತು. ನೆರಳು ತಡವಾಗಿ ಬಂದು ಬೇಗನೆ ಹೋದುದರ ಕಥೆಯಿದು. ಲಂಡನ್ನಿನ ಪೂರ್ಣ ವಿನಾಯಿತಿಯೂ ೨೦೨೫ರ ಡಿಸೆಂಬರಿನಲ್ಲಿ ಕೊನೆಗೊಂಡಿತು. ಆದರೆ ಆ ವೇಳೆಗೆ ಸಸಿಯು ಮರವಾಗಿತ್ತು. ಅಲ್ಲಿ ದುಃಖಿಸುವವರು ಕಡಮೆ.

೨೦೧೭ರಲ್ಲಿ ವಿದ್ಯುತ್ ವಾಹನಗಳ ನೀತಿಯೊಂದನ್ನು ಪ್ರಕಟಿಸಿದ ಮೊದಲ ರಾಜ್ಯವೆಂಬ ಕೀರ್ತಿ ಕರ್ನಾಟಕದ್ದು. ಬಂದ ಪ್ರೋತ್ಸಾಹಗಳು ಹಲವು. ಆದರೆ ಅವು ಯಾವುವೂ ನಿಂತಲ್ಲಿ ನಿಲ್ಲುವುದಿಲ್ಲ. ೨೦೧೯ರ ಆಗಸ್ಟಿನಲ್ಲಿ ವಿದ್ಯುತ್ ವಾಹನಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ನೂರಕ್ಕೆ ೧೨ರಿಂದ ೫ಕ್ಕೆ ಇಳಿಸಲಾಯಿತು. ಆಗ ಪೆಟ್ರೋಲಿನ ಸಣ್ಣ ಕಾರಿನ ತೆರಿಗೆಯು ೨೮, ಮೇಲೆ ಒಂದಿಷ್ಟು ಉಪಕರ. ೨೦೨೫ರ ಸೆಪ್ಟೆಂಬರ್ ೨೨ರಿಂದ ಸಣ್ಣ ಪೆಟ್ರೋಲ್ ಕಾರಿನ ತೆರಿಗೆಯು ೧೮ಕ್ಕೆ ಇಳಿಯಿತು. ವಿದ್ಯುತ್ ಕಾರಿನಿಂದ ಯಾರೂ ಏನನ್ನೂ ಕಸಿದುಕೊಳ್ಳಲಿಲ್ಲ. ಆದರೂ ಅದಕ್ಕಿದ್ದ ಅನುಕೂಲವು ಒಂದೇ ದಿನದಲ್ಲಿ ಕುಗ್ಗಿತು. ನಮ್ಮ ರಾಜ್ಯವು ಬಹುಕಾಲ ವಿದ್ಯುತ್ ಕಾರುಗಳಿಗೆ ಜೀವಾವಧಿ ತೆರಿಗೆಯನ್ನೇ ವಿಧಿಸಿರಲಿಲ್ಲ. ೨೦೨೪ರಲ್ಲಿ, ೨೫ ಲಕ್ಷ ರೂಪಾಯಿ ಮೀರಿದ ಕಾರುಗಳಿಗೆ ನೂರಕ್ಕೆ ೧೦ರ ತೆರಿಗೆ ಬಂದಿತು. ಆದುದರಿಂದ ಕೊಳ್ಳುವವನು ನೆರೆಯವನ ಹಳೆಯ ರಸೀದಿಯನ್ನು ನೋಡಿ ಲೆಕ್ಕ ಹಾಕದೆ, ಆ ದಿನದ ದರವನ್ನು ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ಕೆಲವು ಪ್ರೋತ್ಸಾಹಗಳು ಊರಿನ ರೈತನನ್ನು ಮುಟ್ಟುವಂತೆಯೇ ಇರಲಿಲ್ಲ. ೨೦೧೯ರ ಏಪ್ರಿಲಿನಿಂದ ೨೦೨೩ರ ಮಾರ್ಚಿನವರೆಗೆ ಮಂಜೂರಾದ ಸಾಲಗಳ ಮೇಲಿನ ಬಡ್ಡಿಯಲ್ಲಿ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆಯ ಲೆಕ್ಕದಲ್ಲಿ ಕಳೆಯಲು ಅವಕಾಶವಿತ್ತು. ಕೃಷಿಯ ವರಮಾನಕ್ಕೆ ಆದಾಯ ತೆರಿಗೆಯೇ ಇಲ್ಲ. ತೆರಿಗೆಯಿಲ್ಲದವನಿಗೆ ತೆರಿಗೆಯ ವಿನಾಯಿತಿಯಿಂದ ಆಗುವ ಪ್ರಯೋಜನವೇನು? ನಗರದ ಸಂಬಳದಾರನಿಗೆ ಸಾವಿರಾರು ರೂಪಾಯಿ ಉಳಿಸಿಕೊಟ್ಟ ಆ ಕಲಮು ಅಡಕೆ ಬೆಳೆಗಾರನ ಪಾಲಿಗೆ ಬರಿಯ ಅಕ್ಷರವಾಗಿತ್ತು. ಜಾಹೀರಾತಿನಲ್ಲಿ ಮಾತ್ರ ಇಬ್ಬರಿಗೂ ಒಂದೇ ಲಾಭ!

ರಿಯಾಯಿತಿಯ ಹಣವು ಆಕಾಶದಿಂದ ಉದುರುವುದಿಲ್ಲ. ಸರ್ಕಾರವು ಬಿಟ್ಟುಕೊಟ್ಟ ತೆರಿಗೆಯನ್ನು ಉಳಿದವರೇ ತುಂಬಬೇಕು. ಅಡಕೆ ಸುಲಿಯುವ ಹೆಣ್ಣುಮಗಳೂ ಸೋಪನ್ನು ಕೊಳ್ಳುವಾಗ ತೆರಿಗೆ ಕೊಡುತ್ತಾಳೆ. ಅವಳಿಗೆ ಕಾರಿಲ್ಲ, ಮುಂದೆಯೂ ಬರುವುದು ಸಂದೇಹ. ಹೀಗಿರುವಾಗ ಕಾರುಳ್ಳವನಿಗೆ ಸಹಾಯಧನವನ್ನು ಕೊಡುವುದು ಯಾವ ನ್ಯಾಯ ಎಂದು ಕೇಳಿದರೆ ತಪ್ಪಾಗಲಾರದು. ಇದಕ್ಕೆ ಉತ್ತರವೂ ಇದೆ. ಹೊಗೆಯಿಲ್ಲದ ಗಾಳಿಯನ್ನು ಕಾರಿಲ್ಲದವರೂ ಉಸಿರಾಡುತ್ತಾರೆ. ದೇಶವು ಹೊರಗಿನಿಂದ ತರಿಸುವ ತೈಲವು ಕಡಮೆಯಾದರೆ ಎಲ್ಲರಿಗೂ ಒಳ್ಳೆಯದು. ಒಪ್ಪತಕ್ಕ ಮಾತೇ. ಆದರೂ ೨೦೧೯ರಲ್ಲಿ ಆರಂಭವಾದ ಕೇಂದ್ರದ ಎರಡನೆಯ ಸಹಾಯಧನ ಯೋಜನೆಯು ಸ್ವಂತ ಬಳಕೆಯ ಕಾರುಗಳನ್ನು ಬಿಟ್ಟು, ಬಸ್ಸು, ಬಾಡಿಗೆ ಕಾರು, ಮೂರು ಚಕ್ರದ ಗಾಡಿ ಮತ್ತು ದ್ವಿಚಕ್ರ ವಾಹನಗಳಿಗೆ ಹಣ ಕೊಟ್ಟಿತು. ಇದು ಸರಿಯಾದ ವಿವೇಚನೆಯೆಂದೇ ನನ್ನ ಅಭಿಪ್ರಾಯ.

ಹೊಗೆಯಿಲ್ಲವೆಂಬ ಮಾತನ್ನೂ ಸ್ವಲ್ಪ ತೂಗಿಯೇ ಹೇಳಬೇಕು. ಶರಾವತಿಯ ನೀರಿನಿಂದ, ಪಾವಗಡದ ಬಿಸಿಲಿನಿಂದ, ಚಿತ್ರದುರ್ಗದ ಗುಡ್ಡಗಳ ಗಾಳಿಯಿಂದ ಬಂದ ವಿದ್ಯುತ್ತಿಗೆ ಹೊಗೆಯಿಲ್ಲ. ರಾಯಚೂರಿನ ಕಲ್ಲಿದ್ದಲಿನಿಂದ ಬಂದುದಕ್ಕೆ ಇದೆ. ತಂತಿಯಲ್ಲಿ ಎಲ್ಲವೂ ಬೆರೆತೇ ಬರುತ್ತವೆ. ಹೊಸ ಕಾರುಗಳಲ್ಲಿ ಬಹುತೇಕ ಎಲ್ಲವೂ ವಿದ್ಯುತ್ತಿನವೇ ಆಗಿರುವ ನಾರ್ವೆ ದೇಶದ ಕೀರ್ತಿಯ ಹಿಂದೆ ಅಲ್ಲಿಯ ಜಲವಿದ್ಯುತ್ತಿನ ಬಲವೂ ಇದೆ.

ದೂರದ ಭಯವು ಮಾತ್ರ ಈಗ ಮೊದಲಿನಷ್ಟು ನಿಜವಲ್ಲ. ಚನ್ನಗಿರಿಯಿಂದ ದಾವಣಗೆರೆಗೆ ಹೋಗಿ ಬರುವುದು ಸಣ್ಣ ಬ್ಯಾಟರಿಯ ಕಾರಿಗೂ ಸಾಧ್ಯ. ಬೆಂಗಳೂರು ೨೫೦ ಕಿಲೋಮೀಟರಿಗೂ ಮಿಗಿಲು. ಅಲ್ಲಿಗೆ ದಾರಿಯಲ್ಲಿ ಒಮ್ಮೆ ನಿಂತು ತುಂಬಿಸಿಕೊಳ್ಳಬೇಕು. ಮನೆಯಲ್ಲಿ ಸಾಮಾನ್ಯವಾದ ೧೫ ಆಂಪಿಯರಿನ ಸಾಕೆಟ್ಟಿಗೆ ಜೋಡಿಸಿದರೆ ಒಂದು ರಾತ್ರಿ ಸಾಕು. ಆದರೆ ಆ ರಾತ್ರಿ ವಿದ್ಯುತ್ತು ಇರಬೇಕು, ಭೂಸಂಪರ್ಕದ ತಂತಿಯು ಸರಿಯಾಗಿರಬೇಕು.

ಬ್ಯಾಟರಿಯ ಬೆಲೆಯು ೨೦೧೦ರಲ್ಲಿ ಇದ್ದುದರ ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದೆ. ಇಳಿಯುತ್ತಿರುವ ಬೆಲೆಯು ಕಾಯುವವನ ಮಿತ್ರ, ಅವಸರದವನ ಶತ್ರು. ಇಂದು ಕೊಂಡ ಕಾರನ್ನು ಐದು ವರ್ಷದ ಮೇಲೆ ಮಾರಹೊರಟರೆ ಅಗ್ಗವಾದ ಹೊಸ ಕಾರೇ ಅದಕ್ಕೆ ಪ್ರತಿಸ್ಪರ್ಧಿಯಾಗಿ ನಿಲ್ಲುತ್ತದೆ. ೨೦೨೪ರಲ್ಲಿ ಎಂ.ಜಿ. ಸಂಸ್ಥೆಯವರು 'ವಿಂಡ್ಸರ್' ಎಂಬ ಕಾರನ್ನು ಬ್ಯಾಟರಿಯ ಬೆಲೆಯಿಲ್ಲದೆ ಮಾರಿ, ಬ್ಯಾಟರಿಗೆ ಕಿಲೋಮೀಟರಿಗೆ ೩ ರೂಪಾಯಿ ೫೦ ಪೈಸೆಯ ಬಾಡಿಗೆಯನ್ನು ಗೊತ್ತುಮಾಡಿದರು. ಇದು ಎಲ್ಲರಿಗೂ ಲಾಭದಾಯಕವೆಂದು ನಾನು ಹೇಳಲಾರೆ. ಆದರೆ ಬ್ಯಾಟರಿಯಲ್ಲಿ ಅಡಗಿದ್ದ ಇಂಧನದ ಬೆಲೆಯನ್ನು ಅದು ಬೆಳಕಿಗೆ ತಂದು ತೋರಿಸಿತು. ಓಡಿಸುವವನು ಈಗ ಅದನ್ನು ಪೆಟ್ರೋಲಿನ ಪಕ್ಕದಲ್ಲಿಟ್ಟು ಹೋಲಿಸಬಹುದು.

ಹಾಗಾದರೆ ನಲ್ಲೂರಿನ ಆ ಕುಟುಂಬವು ಏನು ಮಾಡಬೇಕು? ತಿಂಗಳಿಗೆ ೫೦೦ ಕಿಲೋಮೀಟರ್ ಮಾತ್ರ ಓಡಿಸುವುದಾದರೆ, ಹಣದ ದೃಷ್ಟಿಯಿಂದ, ಈಗಲೇ ವಿದ್ಯುತ್ ಕಾರಿಗೆ ಅವಸರಪಡುವ ಕಾರಣವು ನನಗೆ ಕಾಣುವುದಿಲ್ಲ. ದಿನವೂ ಶಿವಮೊಗ್ಗಕ್ಕೋ ದಾವಣಗೆರೆಗೋ ಕೆಲಸಕ್ಕೆ ಹೋಗಿ ಬರುವವರು ಮನೆಯಲ್ಲಿದ್ದರೆ ಉತ್ತರವು ತಿರುಗುತ್ತದೆ. ಅವರು ಬೇರೆ ಮೀಟರನ್ನು ಹಾಕಿಸಿಕೊಂಡು ಧೈರ್ಯವಾಗಿ ಕೊಳ್ಳಬಹುದು. ತೋಟದಿಂದ ಪೇಟೆಗೆ ದಿನಕ್ಕೆ ನಾಲ್ಕು ಬಾರಿ ಓಡಾಡುವ ಸರಕು ಆಟೋವಿಗಂತೂ ಈ ಲೆಕ್ಕವು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಒಪ್ಪುವುದು ಬಸ್ಸಿಗೆ. ದಿನಕ್ಕೆ ೨೦೦ ಕಿಲೋಮೀಟರ್ ಓಡುವ ಬಸ್ಸು, ತೋಟದ ಮನೆಯ ಕಾರು ಒಂದು ವರ್ಷದಲ್ಲಿ ಕ್ರಮಿಸುವ ೬,೦೦೦ ಕಿಲೋಮೀಟರನ್ನು ಒಂದೇ ತಿಂಗಳಿನಲ್ಲಿ ಕ್ರಮಿಸುತ್ತದೆ. ಅದೂ ನಲವತ್ತು ಐವತ್ತು ಮಂದಿಯನ್ನು ಹೊತ್ತುಕೊಂಡು. ಸರ್ಕಾರದ ಒಂದು ರೂಪಾಯಿಯ ಪ್ರೋತ್ಸಾಹವು ಅತಿ ಹೆಚ್ಚು ದೂರ ಓಡುವುದು ಇಲ್ಲಿ. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರದ 'ಪಿ.ಎಂ. ಇ-ಡ್ರೈವ್' ಯೋಜನೆಯು ೧೪,೦೨೮ ವಿದ್ಯುತ್ ಬಸ್ಸುಗಳಿಗೆ ನೆರವನ್ನು ಕಾದಿರಿಸಿತು. ಅವನ್ನು ಪಡೆಯಲು ಗೊತ್ತುಮಾಡಿದ್ದು ನಲವತ್ತು ಲಕ್ಷಕ್ಕೂ ಮಿಕ್ಕ ಜನಸಂಖ್ಯೆಯ ಮಹಾನಗರಗಳನ್ನು. ಕರ್ನಾಟಕದ ಪಾಲಿಗೆ ಅದು ಬೆಂಗಳೂರು ಒಂದೇ. ಮಹಾನಗರದ ಹೊಗೆ ದಟ್ಟವಾದದ್ದು, ಅದಕ್ಕೆ ಮೊದಲ ಪಾಲು ಸಲ್ಲಲಿ. ಆದರೆ ಮುಂದಿನ ಯೋಜನೆಯನ್ನು ಬರೆಯುವವರು ಜನಸಂಖ್ಯೆಯ ಬದಲು ಕಿಲೋಮೀಟರುಗಳನ್ನು ಎಣಿಸಿದರೆ, ಚನ್ನಗಿರಿ, ಹೊನ್ನಾಳಿ, ಜಗಳೂರುಗಳ ಹಳ್ಳಿಯ ಮಾರ್ಗಗಳಲ್ಲಿ ಬೆಳಿಗ್ಗೆ ಆರರಿಂದ ರಾತ್ರಿಯವರೆಗೆ ಓಡುವ ಬಸ್ಸುಗಳೂ ಆ ಎಣಿಕೆಯಲ್ಲಿ ಬರುತ್ತವೆ.